ಹದಿನೇಳನೇ ಸೀಸೆಯ ಚೀಟಿ

ಬಾಟಲಿಯಣ್ಣ ಎಂಬ ಹೆಸರು ಕೇಳಿ ಯಾರೂ ತಪ್ಪು ತಿಳಿಯಬಾರದು. ಕಾಫಿಗಿಂತ ಗಟ್ಟಿಯಾದದ್ದೇನೂ ಆ ಮನುಷ್ಯನ ಗಂಟಲಲ್ಲಿ ಇಳಿದದ್ದಿಲ್ಲ. ಮೂವತ್ತೊಂದು ವರ್ಷದಿಂದ ಔಷಧಿ ಸಂಶೋಧನಾಲಯದ ಕೆಳಗಿನ ಮಹಡಿಯಲ್ಲಿ ನಿಂತು, ಹೊಸ ಹೊಸ ಪುಡಿಗಳನ್ನು ತಯಾರಿಸಿ ಸೀಸೆಗೆ ತುಂಬುವುದು ಅವರ ಕಸುಬು. ಆ ಪುಡಿ ನಾಳೆ ಔಷಧಿಯೂ ಆಗಬಹುದು, ಕಸವೂ ಆಗಬಹುದು. ನೂರರಲ್ಲಿ ತೊಂಬತ್ತೊಂಬತ್ತು ಕಸವೇ, ಅದರಲ್ಲಿ ಮುಚ್ಚುಮರೆ ಏನಿಲ್ಲ. ಆದರೆ ಕಸಕ್ಕೂ ಒಂದು ಹೆಸರಿರಬೇಕು ಎನ್ನುವುದು ಅವರ ಹಟ.

ಅವರ ಕೋಣೆಯಲ್ಲಿ ಎರಡೇ ನಿಯಮ. ಮೊದಲನೆಯದು, ಖಾಲಿ ಸೀಸೆಗೆ ಮೊದಲು ಚೀಟಿ ಅಂಟಬೇಕು, ಪುಡಿ ಆಮೇಲೆ. ಚೀಟಿಯಲ್ಲಿ ಸಂಖ್ಯೆ, ತಾರೀಖು, ಕೊನೆಗೆ ಆ ದಿನದ ಹವೆ: ಸೆಕೆಯೋ ಚಳಿಯೋ ತೇವವೋ. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸುವವರು ಎಂದು ಜೊತೆಯವರು ಗೇಲಿ ಮಾಡಿದರೆ, ಹೌದಪ್ಪ, ಕುಲಾವಿ ಇಲ್ಲದ ಕೂಸು ನನ್ನ ಕೋಣೆಯಲ್ಲಿ ಹುಟ್ಟುವುದೇ ಇಲ್ಲ ಎಂದು ತಾವೂ ನಗುತ್ತಿದ್ದರು. ಎರಡನೆಯದು ನಗುವ ಮಾತಲ್ಲ. ಒಂದು ಸೀಸೆಯ ಚೀಟಿಯ ಮೇಲೆ ಅನುಮಾನ ಬಂದರೆ ಸೀಸೆಯನ್ನು ಚೆಲ್ಲಿಬಿಡಬೇಕು, ಒಳಗಿರುವುದು ಚಿನ್ನವೇ ಆಗಿದ್ದರೂ ಸರಿ. ಮೂವತ್ತೊಂದು ವರ್ಷದಲ್ಲಿ ಅವರು ಹಾಗೆ ಚೆಲ್ಲಿದ್ದು ಒಂದೇ ಸಲ, ಚೀಟಿಯ ಮೇಲೆ ನೀರು ಬಿದ್ದು ಅಂಕಿ ಕಲಸಿಹೋದಾಗ.

ಮೇಲಿನ ಮಹಡಿಯ ಲೆಕ್ಕದಕ್ಕನಿಗೆ ಆ ಹೆಸರಿಟ್ಟವರೂ ಅವರೇ. ಅವಳು ಪುಡಿ ಮುಟ್ಟುವವಳಲ್ಲ, ಅವಳದ್ದೆಲ್ಲ ಕಂಪ್ಯೂಟರಿನಲ್ಲಿ. ಮೈಯೊಳಗಿನ ಕೀಲುಗಳನ್ನು ಊದಿಸುವ ಒಂದು ಪ್ರೋಟೀನು ಇದೆ, ಅದರ ಮೈಯಲ್ಲೊಂದು ಗುಳಿ ಇದೆ. ಔಷಧಿಯ ಕಣ ಬಂದು ಆ ಗುಳಿಯಲ್ಲಿ ಕೂತರೆ ಪ್ರೋಟೀನಿನ ಆಟ ನಿಲ್ಲುತ್ತದೆ, ಊತ ಇಳಿಯುತ್ತದೆ. ಯಾವ ಕಣ ಅಲ್ಲಿ ಹೇಗೆ ಕೂರುತ್ತದೆ, ಎಷ್ಟು ಬಿಗಿಯಾಗಿ ಹಿಡಿಯುತ್ತದೆ ಎಂದು ಸೀಸೆಯ ಮುಚ್ಚಳ ತೆಗೆಯದೆ ಹೇಳುವುದು ಅವಳ ವಿದ್ಯೆ. ನಾನು ಆರು ತಿಂಗಳು ಬೇಯಿಸುವುದನ್ನು ನೀನು ಮೂಸಿಯೂ ನೋಡದೆ ರುಚಿ ಹೇಳುತ್ತೀಯಲ್ಲ ಎಂದು ಬಾಟಲಿಯಣ್ಣ ಛೇಡಿಸುತ್ತಿದ್ದರು. ಹದಿನೈದು ವರ್ಷದ ಸಲುಗೆ. ಅವಳು ಅವರನ್ನು ಅಣ್ಣಾ ಎನ್ನುವುದು, ಅವರ ಹೆಂಡತಿಯನ್ನು ಅತ್ತಿಗೆ ಎನ್ನುವುದು ಬರೀ ಬಾಯಿಮಾತಿನದಲ್ಲ.

ಅವಳ ಕೆಲಸದಲ್ಲೂ ಒಂದು ನಿಯಮವಿತ್ತು, ಅವಳೇ ಮಾಡಿದ್ದು. ಪ್ರೋಟೀನಿನ ಸಾವಿರಾರು ಪರಮಾಣುಗಳನ್ನೆಲ್ಲ ಲೆಕ್ಕಕ್ಕೆ ತೆಗೆದುಕೊಂಡು ಕೂತರೆ ಯಂತ್ರಕ್ಕೂ ಉಬ್ಬಸ ಬರುತ್ತದೆ, ಹಾಗಾಗಿ ಬೇಡದ ಚೂರುಗಳನ್ನು ಕಿತ್ತು ಹಾಕುವುದು ಆ ಕಸುಬಿನಲ್ಲಿ ಮಾಮೂಲು. ಕಿತ್ತವರು ಏಕೆ ಕಿತ್ತೆವೆಂದು ಫೈಲಿನಲ್ಲೇ ಒಂದು ಸಾಲು ಬರೆಯಬೇಕು. "ಕಿತ್ತರೆ ಕಾರಣ ಬರೆ" ಎಂದು ದೊಡ್ಡಕ್ಷರದಲ್ಲಿ ಅಚ್ಚು ಹಾಕಿಸಿ ಎಲ್ಲರ ತಲೆಯ ಮೇಲೂ ಅಂಟಿಸಿದ್ದಳು. ಬರೆಯದವರಿಗೆ ಅವಳ ಬಾಯಿಂದ ಬೀಳುತ್ತಿದ್ದ ಮಂಗಳಾರತಿಯನ್ನು ಕೇಳಿದವರು ಆಮೇಲೆ ತಮ್ಮ ಮನೆಯ ಕಸ ಎಸೆಯುವಾಗಲೂ ಕಾರಣ ಬರೆದಿಟ್ಟಿರಬೇಕು.

ಈಗ ಕಥೆಗೆ ಬರೋಣ. ಬಾಟಲಿಯಣ್ಣ ಏಳು ವರ್ಷ ಬೆವರು ಸುರಿಸಿ ಮಾಡಿದ ಪುಡಿಗಳಲ್ಲಿ ಕೊನೆಗೆ ಉಳಿದದ್ದು ಎರಡು, ಹದಿನೇಳು ಮತ್ತು ಇಪ್ಪತ್ತಮೂರು. ಎರಡೂ ಒಂದೇ ಅಚ್ಚಿನವು, ಇಪ್ಪತ್ತಮೂರಕ್ಕೆ ಮಾತ್ರ ಒಂದು ಉದ್ದನೆಯ ತೋಳು ಹೆಚ್ಚು. ಲೆಕ್ಕದಕ್ಕನ ಲೆಕ್ಕದಲ್ಲಿ ಇಪ್ಪತ್ತಮೂರು ಗುಳಿಯನ್ನು ಉಡದ ಹಾಗೆ ಹಿಡಿಯುತ್ತಿತ್ತು, ಹದಿನೇಳು ಇದ್ದೂ ಇಲ್ಲದ ಹಾಗೆ. ಗಾಜಿನ ನಳಿಗೆಯಲ್ಲಿ ಅರ್ಧ ಗಂಟೆ ಇಟ್ಟು ಮಾಡಿದ ಪರೀಕ್ಷೆಯೂ ಅದನ್ನೇ ಹೇಳಿತು. ಆದರೆ ಇಲಿಗಳು ಒಪ್ಪಲಿಲ್ಲ.

ಪ್ರಾಣಿಗಳ ಕೋಣೆಯನ್ನು ನೋಡಿಕೊಳ್ಳುವವನನ್ನು ಎಲ್ಲರೂ ಇಲಿಮಾಮ ಎನ್ನುತ್ತಿದ್ದರು. ಮೀಟಿಂಗಿನಲ್ಲಿ ಆತ ತಲೆ ಕೆರೆದುಕೊಂಡೇ ವರದಿ ಒಪ್ಪಿಸಿದ. ಇಪ್ಪತ್ತಮೂರು ಕೊಟ್ಟ ಇಲಿಗಳ ಪಾದದ ಊತ ಎರಡು ಗಂಟೆಯಲ್ಲಿ ಮತ್ತೆ ಬಂತು. ಹದಿನೇಳು ಕೊಟ್ಟವು ಬೆಳಿಗ್ಗೆಯಿಂದ ಸಂಜೆಯವರೆಗೆ ಕುಂಟದೆ ಓಡಾಡಿದವು. ಸಂಸ್ಥೆಯ ಮುಖ್ಯಸ್ಥೆ, ಎಲ್ಲರ ಬಾಯಲ್ಲಿ ದೊಡ್ಡಮೇಡಂ, ಕನ್ನಡಕ ತೆಗೆದು ಎಲ್ಲರ ಮುಖ ನೋಡಿದರು. ಆಗ ಲೆಕ್ಕದಕ್ಕ, ಯಾರೂ ಕೇಳದಿದ್ದರೂ, ಬಾಯಿ ಬಿಟ್ಟಳು.

"ಲೆಕ್ಕ ಸುಳ್ಳು ಹೇಳಲ್ಲ. ಎಲ್ಲೋ ಸೀಸೆ ಅದಲುಬದಲಾಗಿರಬೇಕು."

ಹೇಳುವಾಗ ಅವಳ ಮನಸ್ಸಿನಲ್ಲಿ ಬಾಟಲಿಯಣ್ಣ ಇರಲಿಲ್ಲ, ಇಲಿಮಾಮನ ಕೋಣೆ ಇತ್ತು. ಆದರೆ ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಇಲಿಮಾಮ ತನ್ನ ಕೋಣೆಯ ದಾಖಲೆಯನ್ನೆಲ್ಲ ತೆಗೆದು ತೋರಿಸಿ ಕೈ ತೊಳೆದುಕೊಂಡ. ಉಳಿದವರು ಒಬ್ಬರೇ. ದೊಡ್ಡ ಸೀಸೆಗಳಿಂದ ತೂಗಿ, ಪುಟ್ಟ ಸೀಸೆಗಳಿಗೆ ತುಂಬಿ ಇಲಿಗಳ ಕೋಣೆಗೆ ಕಳಿಸಿದವರು ಬಾಟಲಿಯಣ್ಣ. ಆ ಪುಟ್ಟ ಸೀಸೆಗಳು ಖಾಲಿಯಾಗಿ, ತೊಳೆದು, ಬೇರೆ ಕೆಲಸಕ್ಕೆ ಹೋಗಿಯಾಗಿತ್ತು. ಹೌದೆನ್ನಲೂ ಸಾಕ್ಷಿಯಿಲ್ಲ, ಅಲ್ಲವೆನ್ನಲೂ ಇಲ್ಲ. ದೊಡ್ಡ ಸೀಸೆಗಳಲ್ಲಿ ಉಳಿದದ್ದು ಚಿಟಿಕೆಯಷ್ಟು, ಇಲಿಗಳಿಗೆ ಇನ್ನೊಂದು ಸುತ್ತು ಕೊಡಲು ಸಾಲದು. ಎಲ್ಲರ ಕಣ್ಣೂ ತಮ್ಮ ಮೇಲೆ ಬಿದ್ದಾಗ ಬಾಟಲಿಯಣ್ಣ ವಾದಿಸಲಿಲ್ಲ. ತಮ್ಮ ಎರಡೂ ಅಂಗೈ ಮೇಜಿನ ಮೇಲೆ ಬಿಡಿಸಿಟ್ಟು, ಯಾರದೋ ಕೈ ಎಂಬಂತೆ ಅದನ್ನೇ ನೋಡುತ್ತ ಕೂತರು.

ಮೂರು ವಾರದ ಮೇಲಿನ ಶುಕ್ರವಾರ ತೀರ್ಮಾನ ಎಂದಾಯಿತು. ಹದಿನೇಳನ್ನು ಕೈಬಿಡುವುದು, ಇಪ್ಪತ್ತಮೂರನ್ನು ಮುಂದಕ್ಕೆ ಒಯ್ಯುವುದು ಎಂಬ ಕಡೆಗೇ ಎಲ್ಲರ ಒಲವು. ಲೆಕ್ಕದಕ್ಕ ತನ್ನ ಕೆಲಸಕ್ಕೆ ಹೋದಳು. ಸುಳ್ಳೇಕೆ, ಆ ಮೂರು ವಾರದಲ್ಲಿ ಅವಳಿಗೆ ಆ ಮಾತು ಒಂದು ಸಲವೂ ನೆನಪಾಗಲಿಲ್ಲ. ಕೆಳಗಿನ ಮಹಡಿಯಿಂದ ಕಾಫಿಗೆ ಕರೆ ಬರುವುದು ನಿಂತಿತ್ತು, ಅಣ್ಣ ಕೆಲಸದಲ್ಲಿದ್ದಾರೆ ಎಂದುಕೊಂಡಳು.

ತೀರ್ಮಾನಕ್ಕೆ ಐದು ದಿನ ಇದೆ ಎನ್ನುವಾಗ, ಭಾನುವಾರ ಬೆಳಿಗ್ಗೆ, ಔಷಧಿ ಅಂಗಡಿಯಲ್ಲಿ ಅತ್ತಿಗೆ ಸಿಕ್ಕಿದರು. ಮಾತ್ರೆ ಹಾಕಿಡುವ ಪ್ಲಾಸ್ಟಿಕ್ ಡಬ್ಬಿ ಕೊಳ್ಳುತ್ತಿದ್ದರು, ವಾರದ ಏಳು ದಿನಕ್ಕೆ ಏಳು ಮನೆ ಇರುವಂಥದ್ದು. ಯಾರಿಗೆ ಅತ್ತಿಗೆ ಎಂದು ಕೇಳಿದ್ದೇ ತಪ್ಪಾಯಿತೋ ಒಳ್ಳೆಯದಾಯಿತೋ. ಅತ್ತಿಗೆ ಅವಳ ಮೊಣಕೈ ಹಿಡಿದು ಅಂಗಡಿಯ ಪಕ್ಕಕ್ಕೆ ಕರೆದುಕೊಂಡು ಹೋದರು.

"ಆಫೀಸಲ್ಲಿ ನಿಮ್ಮಣ್ಣನಿಗೆ ಏನಾಗಿದೆ, ನಿಜ ಹೇಳಮ್ಮಾ."

ಅವರು ಹೇಳಿದ್ದು ಇಷ್ಟು. ಮೂರು ವಾರದಿಂದ ಆ ಮನುಷ್ಯ ಉಪ್ಪಿನ ಡಬ್ಬಿಯನ್ನು ಮೂಸದೆ ಸಾರಿಗೆ ಉಪ್ಪು ಹಾಕುವುದಿಲ್ಲ. ಮೂಸಿದರೆ ಉಪ್ಪಿಗೆಂಥ ವಾಸನೆ ಎಂದು ಅತ್ತಿಗೆ ಬೈದರೆ, ನಾಲಿಗೆಗೆ ಇಟ್ಟು ನೋಡುತ್ತಾರೆ. ತಮ್ಮ ರಕ್ತದೊತ್ತಡದ ಮಾತ್ರೆಯನ್ನು ತಾವೇ ಬಿಡಿಸಿ ನುಂಗುವುದಿಲ್ಲ, ಹೆಂಡತಿಯ ಮುಂದೆ ಕೈ ಚಾಚಿ ನಿಲ್ಲುತ್ತಾರೆ. ಕಳೆದ ಬುಧವಾರ ಅತ್ತಿಗೆ ಮನೆಯಲ್ಲಿ ಇಲ್ಲದಾಗ ಮೊಮ್ಮಗಳಿಗೆ ಜ್ವರ ಬಂತು. ಕಪಾಟಿನಿಂದ ಸಿರಪ್ಪಿನ ಬಾಟಲಿ ತೆಗೆದರು, ಚೀಟಿ ಓದಿದರು, ಇಟ್ಟರು, ಮತ್ತೆ ತೆಗೆದರು. ನಾಲ್ಕು ಸಲ ಓದಿದ ಮೇಲೆ ಬಾಟಲಿ ಹಿಡಿದುಕೊಂಡು ಪಕ್ಕದ ಮನೆಯ ಬಾಗಿಲು ತಟ್ಟಿದರು. ಇದು ಜ್ವರದ್ದೇ ತಾನೇ, ಸ್ವಲ್ಪ ನೋಡಿ ಹೇಳಿ ಎಂದು. ಅದನ್ನು ಪಕ್ಕದ ಮನೆಯವರು ಬಂದು ಹೇಳಿದಾಗ ಅತ್ತಿಗೆಗೆ ಭೂಮಿ ಬಾಯಿಬಿಟ್ಟ ಹಾಗಾಯಿತಂತೆ. ಮೂವತ್ತು ವರ್ಷ ಕತ್ತಲಲ್ಲೂ ಡಬ್ಬಿಯ ತೂಕ ನೋಡಿ ಒಳಗೇನಿದೆ ಎಂದು ಹೇಳುತ್ತಿದ್ದ ಮನುಷ್ಯ.

ಕುಂಬಳಕಾಯಿ ಕಳ್ಳ ಎಂದರೆ ಕದ್ದವನು ಹೆಗಲು ಮುಟ್ಟಿ ನೋಡಿಕೊಳ್ಳುತ್ತಾನಂತೆ. ಕದಿಯದವನೂ ನೋಡಿಕೊಳ್ಳುತ್ತಾನೆ ಎನ್ನುವುದು ಗಾದೆ ಕಟ್ಟಿದವರಿಗೆ ಹೊಳೆದಿರಲಿಕ್ಕಿಲ್ಲ. ಹತ್ತು ಜನ ನಂಬುವವರು ಒಟ್ಟಿಗೆ ತಿರುಗಿ ನೋಡಿದರೆ ಒಳ್ಳೆಯವನ ಕೈಯೂ ಹೆಗಲಿಗೆ ಹೋಗುತ್ತದೆ. ಲೆಕ್ಕದಕ್ಕ ತಾನು ಕೊಳ್ಳಲು ಬಂದದ್ದು ಏನೆಂಬುದನ್ನೇ ಮರೆತು ಮನೆಗೆ ಹೋದಳು. ಅವಳಿಗೆ ನಾಚಿಕೆಯಾಯಿತು, ಅದಕ್ಕಿಂತ ಹೆಚ್ಚಾಗಿ ಹೆದರಿಕೆಯಾಯಿತು. ಸೀಸೆ ನಿಜಕ್ಕೂ ಅದಲುಬದಲಾಗಿದ್ದರೆ ಅದು ಅಣ್ಣನ ತಪ್ಪು, ಆಗಿರದಿದ್ದರೆ ತನ್ನದು. ಮೂರನೆಯ ದಾರಿ ಇರಲಿಲ್ಲ.

ಸೋಮವಾರ ಬಂದವಳೇ ಆರು ವರ್ಷದ ಹಿಂದಿನ ಮೂಲ ಫೈಲು ತೆಗೆದಳು. ಆ ಪ್ರೋಟೀನಿನ ಮೇಲೆ ನಡೆದ ಅಷ್ಟೂ ಲೆಕ್ಕಕ್ಕೆ ಅದೇ ತಾಯಿಬೇರು. ಅಂದು ಅವಳು ಕಟ್ಟಿದ್ದನ್ನು ಬಂದವರೆಲ್ಲ ನಕಲು ಮಾಡಿಕೊಂಡು ಬಳಸುತ್ತಿದ್ದರು, ತೆರೆದು ನೋಡಿದವರು ಯಾರೂ ಇಲ್ಲ. ಸಾಲು ಸಾಲಾಗಿ ಓದುತ್ತ ಹೋದಳು. ಕಿತ್ತ ಕಡೆಯೆಲ್ಲ ಕಾರಣ ಬರೆದಿತ್ತು, ಅವಳದೇ ಮಾತು, ಅವಳದೇ ಠೀವಿ. ನಡುವೆ ಒಂದು ಕಡೆ ನಿಂತಳು.

"ನೂರನಲವತ್ತಮೂರರಿಂದ ನೂರೈವತ್ತೊಂದು: ಚಿತ್ರದಲ್ಲಿಲ್ಲ. ಗುಳಿಯಿಂದ ದೂರ. ಬೇಡ."

ಪ್ರೋಟೀನೆಂದರೆ ಪುಟ್ಟ ಕೊಂಡಿಗಳ ಸರ, ಮಡಚಿ ಮಡಚಿ ಉಂಡೆಯಾದದ್ದು. ಅದನ್ನು ಹರಳುಗಟ್ಟಿಸಿ ಚಿತ್ರ ತೆಗೆಯುತ್ತಾರೆ. ಸ್ಥಿರವಾಗಿ ಇರುವ ಕೊಂಡಿಗಳು ಸ್ಪಷ್ಟವಾಗಿ ಕಾಣುತ್ತವೆ. ಫೋಟೋ ತೆಗೆಯುವಾಗ ಅಲುಗಾಡಿದ ಮಗುವಿನ ಮುಖ ಮಸುಕಾಗುವ ಹಾಗೆ, ಸದಾ ಅಲ್ಲಾಡುತ್ತಿರುವ ಕೊಂಡಿಗಳು ಚಿತ್ರದಲ್ಲಿ ಬೀಳುವುದೇ ಇಲ್ಲ. ಆ ಒಂಬತ್ತು ಕೊಂಡಿಗಳು ಹಾಗೆ ಕಾಣೆಯಾದವು. ಆರು ವರ್ಷದ ಹಿಂದೆ ಇದ್ದದ್ದು ಒಂದು ಮುದಿ ಯಂತ್ರ. ಒಂಬತ್ತನ್ನೂ ಕಟ್ಟಿ ಸೇರಿಸಿದರೆ ಲೆಕ್ಕಕ್ಕೆ ಮೂರು ವಾರ, ಬಿಟ್ಟರೆ ಎರಡು ದಿನ. ಮೀಟಿಂಗು ನಾಲ್ಕನೇ ದಿನ. ಅವಳು ಬಿಟ್ಟಳು, ಕಾರಣವನ್ನೂ ಬರೆದಳು. ಕಾರಣ ಬರೆದ ಮೇಲೆ ಮುಗಿಯಿತಲ್ಲ, ಮನಸ್ಸು ಹಗುರಾಗುತ್ತದೆ, ಮತ್ತೆ ಯಾರೂ ಕೇಳುವುದಿಲ್ಲ.

ದೀಪದ ಬುಡದಲ್ಲೇ ಕತ್ತಲೆ. ಕಾಣಲಿಲ್ಲ ಎಂದರೆ ಇಲ್ಲ ಎಂದಲ್ಲ, ಅಲ್ಲಾಡುತ್ತಿತ್ತು ಎಂದು ಅರ್ಥ ಎನ್ನುವುದನ್ನು ಅವಳೇ ಹೊಸಬರಿಗೆ ಹತ್ತು ಸಲ ಪಾಠ ಹೇಳಿದ್ದಳು. ಅಲ್ಲಾಡುವುದು ಗುಳಿಯಿಂದ ದೂರ ಇದೆ ಎಂದು ಯಾವ ಗಳಿಗೆಯಲ್ಲಿ ಹೇಳಿದಳು? ಈ ಗಳಿಗೆಯಲ್ಲಿ ದೂರ, ಮುಂದಿನ ಗಳಿಗೆಯಲ್ಲಿ ಗುಳಿಯ ಬಾಯಿಯ ಮೇಲೇ ಇರಬಹುದು. ಒಂಬತ್ತು ಕೊಂಡಿಗಳನ್ನು ಒಂದೊಂದಾಗಿ ಕಟ್ಟಿ ಸೇರಿಸಿ, ಹದಿನೇಳನ್ನೂ ಇಪ್ಪತ್ತಮೂರನ್ನೂ ಬೇರೆ ಬೇರೆಯಾಗಿ ಗುಳಿಯಲ್ಲಿ ಕೂರಿಸಿ ಹೊಸ ಲೆಕ್ಕ ಹಚ್ಚಿದಳು. ಈ ಸಲ ಎಷ್ಟು ಬಿಗಿ ಎಂದು ಕೇಳಲಿಲ್ಲ. ಎಷ್ಟು ಹೊತ್ತು ಕೂರುತ್ತದೆ, ಹೇಗೆ ಹೊರಗೆ ಬರುತ್ತದೆ ಎಂದು ಕೇಳಿದಳು. ಈಗಿನ ಯಂತ್ರಗಳು ಗಟ್ಟಿ. ಗುರುವಾರ ಬೆಳಿಗ್ಗೆ ಉತ್ತರ ಎಂದು ತೋರಿಸಿದವು.

ಆ ಸಂಜೆ ಗಂಡನಿಗೆ ಎಲ್ಲ ಹೇಳಿದಳು. ಅವರು ಶಾಲೆಯ ಡ್ರಾಯಿಂಗ್ ಮೇಷ್ಟ್ರು, ಮನೆಯಲ್ಲಿ ಎರಡು ಕಂಪ್ಯೂಟರ್ ಇವೆ, ಒಂದಕ್ಕೆ ಮಾತ್ರ ಸಿಟ್ಟು ಬರುತ್ತದೆ ಎಂದು ಹೇಳಿಕೊಂಡು ತಿರುಗುವವರು. ಅಂಗಿಗೆ ಇಸ್ತ್ರಿ ಹಾಕುತ್ತಿದ್ದವರು ಇಸ್ತ್ರಿಪೆಟ್ಟಿಗೆ ಎತ್ತಿಟ್ಟು, ಹಾಗಾದರೆ ಈಗಲೇ ಅವರ ಮನೆಗೆ ಹೋಗಿ ಹೇಳಿ ಬಾ ಎಂದರು. ಲೆಕ್ಕದಕ್ಕ ಒಪ್ಪಲಿಲ್ಲ. ಅರ್ಧ ಲೆಕ್ಕ ಹಿಡಿದುಕೊಂಡು ಹೋಗಿ ಏನು ಹೇಳುವುದು, ತಪ್ಪು ಇಲ್ಲೂ ಇಲ್ಲದಿದ್ದರೆ ಆ ಮನುಷ್ಯನಿಗೆ ಎರಡು ಸಲ ನೋವು, ಗುರುವಾರ ಉತ್ತರ ಬರಲಿ, ಆಮೇಲೆ ಗಟ್ಟಿಯಾಗಿ ಹೇಳುತ್ತೇನೆ ಎಂದಳು. ಕೇಳುವುದಕ್ಕೆ ಎಷ್ಟು ಜವಾಬ್ದಾರಿಯ ಮಾತು! ಅಹಂಕಾರ ಒಳ್ಳೆಯ ಬಟ್ಟೆ ತೊಟ್ಟು ಬಂದರೆ ಗುರುತು ಹಿಡಿಯುವುದು ಕಷ್ಟ, ಅದರಲ್ಲೂ ತನ್ನದೇ ಆದರೆ. ಮಂಗಳವಾರ, ಬುಧವಾರ ಅವಳು ಮೆಟ್ಟಿಲಲ್ಲಿ ಬಾಟಲಿಯಣ್ಣನ ಎದುರಿಗೆ ಬಿದ್ದರೂ ಮೊಬೈಲು ನೋಡುತ್ತ ದಾಟಿಹೋದಳು.

ಗುರುವಾರ ಹತ್ತು ಗಂಟೆಗೆ ಪರದೆಯ ಮೇಲೆ ಉತ್ತರ ಅಲ್ಲಾಡುತ್ತಿತ್ತು. ಆ ಒಂಬತ್ತು ಕೊಂಡಿಗಳು ಗುಳಿಯ ಬಾಗಿಲು. ತೆರೆದಿದ್ದಾಗ ದೂರ ನಿಲ್ಲುತ್ತವೆ, ಮುಚ್ಚಿದಾಗ ಗುಳಿಯ ಮೇಲೆ ಮಲಗುತ್ತವೆ. ಹದಿನೇಳು ಒಳಗೆ ಹೋಗಲು ತಡ ಮಾಡುತ್ತದೆ, ನಳಿಗೆಯ ಅರ್ಧ ಗಂಟೆ ಅದಕ್ಕೆ ಸಾಲುವುದೇ ಇಲ್ಲ. ಒಮ್ಮೆ ಹೋಯಿತೋ, ಬಾಗಿಲು ಅದರ ಹಿಂದೆ ಮುಚ್ಚಿಕೊಳ್ಳುತ್ತದೆ. ಬಿಗಿಯಾಗಿ ಹಿಡಿದುಕೊಳ್ಳುವ ಗರಜೇ ಇಲ್ಲ, ಹೊರಗೆ ಹೋಗಲು ದಾರಿಯಿಲ್ಲ. ಇಪ್ಪತ್ತಮೂರು ಗೋಡೆಯನ್ನು ತಬ್ಬಿ ಕೂರುತ್ತದೆ ನಿಜ, ಆದರೆ ಅದರ ಉದ್ದನೆಯ ತೋಳು ಬಾಗಿಲಿಗೆ ಅಡ್ಡ ಬಂದು ಬಾಗಿಲು ಮುಚ್ಚುವುದಿಲ್ಲ, ಎರಡು ಗಂಟೆಯಲ್ಲಿ ಜಾರಿ ಹೊರಗೆ. ಇಲಿಗಳು ಹೇಳಿದ್ದು ಅಕ್ಷರಶಃ ನಿಜ. ಆರು ವರ್ಷ ಅವಳು ಬಾಗಿಲು ಕಿತ್ತ ಮನೆಯಲ್ಲಿ ಯಾರು ಎಷ್ಟು ಗಟ್ಟಿಯಾಗಿ ಕೂತಿದ್ದಾರೆ ಎಂದು ಅಳೆಯುತ್ತಿದ್ದಳು.

ಲಿಫ್ಟಿಗೂ ಕಾಯದೆ ಇಳಿದಳು. ದೊಡ್ಡ ಸೀಸೆಯಲ್ಲಿ ಚಿಟಿಕೆ ಉಳಿದಿದೆಯಲ್ಲ, ನಳಿಗೆಯ ಪರೀಕ್ಷೆಗೆ ಅಷ್ಟು ಸಾಕು. ಅರ್ಧ ಗಂಟೆಯ ಬದಲು ಆರು ಗಂಟೆ ಇಟ್ಟರೆ ಇವತ್ತು ಸಂಜೆಯೇ ಎಲ್ಲರಿಗೂ ಕಣ್ಣಾರೆ ತೋರಿಸಬಹುದು ಎಂದು ಮೆಟ್ಟಿಲ ಮೇಲೇ ಲೆಕ್ಕ ಹಾಕಿದಳು.

ಬಾಟಲಿಯಣ್ಣ ತೊಟ್ಟಿಯ ಮುಂದೆ ನಿಂತು ಏನನ್ನೋ ತೊಳೆಯುತ್ತಿದ್ದರು. ಗೋಡೆಯ ಕಪಾಟಿನಲ್ಲಿ ಅವರ ಏಳು ವರ್ಷ ಸಾಲಾಗಿ ನಿಂತಿತ್ತು, ಒಂದೊಂದು ಸೀಸೆಗೂ ಓರೆ ಅಕ್ಷರದ ಚೀಟಿ. ಹದಿನಾರರ ಪಕ್ಕ ಖಾಲಿ. ಇಪ್ಪತ್ತೆರಡರ ಪಕ್ಕ ಖಾಲಿ.

"ಹದಿನೇಳು ಎಲ್ಲಿ ಅಣ್ಣಾ?"

"ಚೆಲ್ಲಿದೆ, ನಿನ್ನೆ."

ಎರಡನ್ನೂ ಚೆಲ್ಲಿ, ನನ್ನ ಕೈಯಿಂದ ಅದಲುಬದಲು ಆಗಿರಬಹುದು ಎಂದು ದೊಡ್ಡಮೇಡಂಗೆ ಬರೆದು ಸಹಿ ಹಾಕಿ ಕೊಟ್ಟಿದ್ದರು. ಮೀಟಿಂಗಾದ ಮೇಲೆ ದೊಡ್ಡ ಸೀಸೆಗಳನ್ನು ಪರೀಕ್ಷೆ ಮಾಡಿಸಿ ಸರಿಯಿದೆ ಎಂದು ಬಂದಿತ್ತಲ್ಲ ಎಂದಳು. ಆ ಪರೀಕ್ಷೆಗೆ ತೂಗಿ ಕೊಟ್ಟ ಕೈಯೂ ಇದೇ ಅಲ್ಲವೇ ಎಂದು ಅವರು ಒದ್ದೆ ಕೈ ಎತ್ತಿ ತೋರಿಸಿದರು. ಅನುಮಾನ ಬಂದ ಸೀಸೆಯನ್ನು ಇಟ್ಟುಕೊಂಡರೆ ನಾಳೆ ಬರುವವರಿಗೆ ಅದು ಗುಂಡಿ ತೋಡಿಟ್ಟ ಹಾಗೆ. ಇನ್ನು ಹನ್ನೊಂದು ವಾರಕ್ಕೆ ನಿವೃತ್ತಿ, ಸ್ವಚ್ಛ ಮಾಡಿ ಹೋಗಬೇಕು ಎಂದರು.

ಅವಳು ಎಲ್ಲ ಹೇಳಿದಳು, ಒಂಬತ್ತು ಕೊಂಡಿ, ಬಾಗಿಲು, ತೋಳು, ಆರು ವರ್ಷದ ಹಿಂದಿನ ಆ ಒಂದು ಸಾಲು. ಸೀಸೆ ಅದಲುಬದಲು ಆಗಿಲ್ಲ ಅಣ್ಣಾ, ನೀವು ಕಳಿಸಿದ್ದು ಸರಿಯಾಗೇ ಇತ್ತು, ತಪ್ಪು ನನ್ನದು ಎಂದಳು. ಅವರ ಮುಖ ಅರಳುತ್ತದೆ ಎಂದು ಕಾದಳು. ಅರಳಲಿಲ್ಲ. ನಲ್ಲಿ ನಿಲ್ಲಿಸಿ, ಬಟ್ಟೆಯಲ್ಲಿ ಒಂದೊಂದೇ ಬೆರಳು ಒರೆಸಿಕೊಂಡು, ಈ ಸಾಲು ಯಾವತ್ತು ಕಣ್ಣಿಗೆ ಬಿತ್ತು ಎಂದು ಕೇಳಿದರು. ಸೋಮವಾರ ಎಂದಳು.

"ಸೋಮವಾರವೇ ಗೊತ್ತಿತ್ತಾ ನಿಂಗೆ?"

"ಗೊತ್ತಿರಲಿಲ್ಲ ಅಣ್ಣಾ. ಅನುಮಾನ ಇತ್ತು."

ಬಾಟಲಿಯಣ್ಣ ಕೈ ಒರೆಸಿದ ಬಟ್ಟೆಯನ್ನು ಮಡಚಿ ಮೇಜಿನ ಮೇಲಿಟ್ಟರು. ಆಮೇಲೆ ಮಾತಾಡಿದಾಗ ಧ್ವನಿ ಏರಿರಲಿಲ್ಲ.

"ನನ್ನ ಕೈ ಮೇಲೆ ಅನುಮಾನ ಬಂದಾಗ ನೀನು ಮೂರು ನಿಮಿಷ ಕಾಯ್ಲಿಲ್ಲ. ನಿನ್ನ ಲೆಕ್ಕದ ಮೇಲೆ ಬಂದಾಗ ಮೂರು ದಿನ ಕಾದೆಯಾ?"

ಅವಳು ಹದಿನಾರರ ಪಕ್ಕದ ಖಾಲಿ ಜಾಗದ ಕಡೆ ನೋಡಿದಳು. ಕಣ್ಣೀರು ಬಂತು. ಸೋಮವಾರ ಒಂದು ಮಾತು ಹೇಳಿದ್ದರೆ ಸೀಸೆ ಕಪಾಟಿನಲ್ಲೇ ಇರುತ್ತಿತ್ತು.

"ನೀವಿನ್ನು ಹೊರಡಿ ಮೇಡಂ," ಎಂದರು ಬಾಟಲಿಯಣ್ಣ. "ನಂಗೆ ತೊಳೆಯೋದು ತುಂಬಾ ಇದೆ."

ಶುಕ್ರವಾರದ ಮೀಟಿಂಗಿನಲ್ಲಿ ಅವಳು ಪೀಠಿಕೆ ಹಾಕಲಿಲ್ಲ. ತನ್ನ ಆ ಸಾಲನ್ನು ಗೋಡೆಯ ಪರದೆಯ ಮೇಲೆ ದೊಡ್ಡದಾಗಿ ತೋರಿಸಿ, ಇದನ್ನು ಬರೆದವಳು ನಾನು ಎಂದಳು. ಆಮೇಲೆ ಬಾಗಿಲು ಮುಚ್ಚುವುದನ್ನು, ತೆರೆಯುವುದನ್ನು ತೋರಿಸಿದಳು. ಇಲಿಮಾಮ ಕುರ್ಚಿಯಲ್ಲಿ ಮುಂದಕ್ಕೆ ಬಾಗಿ, ನನ್ನ ಇಲಿಗಳು ಸುಳ್ಳು ಹೇಳಲ್ಲ ಎಂದು ಅವಳ ಮಾತನ್ನು ಅವಳಿಗೇ ತಿರುಗಿಸಿಕೊಟ್ಟ. ಯಾರೋ ನಕ್ಕರು, ಅವಳು ನುಂಗಿಕೊಂಡಳು, ಅಷ್ಟು ಅವಳಿಗೆ ಸಲ್ಲಬೇಕಾದ್ದೇ. ದೊಡ್ಡಮೇಡಂ ಆ ತಪ್ಪೊಪ್ಪಿಗೆಯ ಪತ್ರವನ್ನು ಬಾಟಲಿಯಣ್ಣನಿಗೆ ವಾಪಸು ಕೊಟ್ಟು, ಲೆಕ್ಕ ಈಗ ಹೀಗೆ ಹೇಳುತ್ತಿದೆ ಸರಿ, ಆದರೆ ಪುಡಿ ಇಲ್ಲದೆ ಏನೂ ಖಚಿತವಾಗುವುದಿಲ್ಲ, ಹದಿನೇಳನ್ನು ಇನ್ನೊಮ್ಮೆ ಮಾಡಲು ಆಗುತ್ತದೆಯೇ ಎಂದು ಕೇಳಿದರು. ಅಂದರೆ ಹದಿನಾಲ್ಕು ಹಂತ, ಒಂಬತ್ತು ವಾರದ ಕೆಲಸ.

"ಮಾಡ್ತೀನಿ," ಎಂದರು ಬಾಟಲಿಯಣ್ಣ. "ಆದರೆ ಚೀಟಿ ನಾನು ಬರೆಯಲ್ಲ. ಲೆಕ್ಕದ ಮೇಡಂ ಬರೀಲಿ."

ಅದು ಲೆಕ್ಕದಕ್ಕನಿಗೆ ಹಾಕಿದ ದಂಡ ಎಂದು ಎಲ್ಲರೂ ತಿಳಿದರು. ಅವಳೊಬ್ಬಳಿಗೆ ಗೊತ್ತು, ಅದು ದಂಡವಲ್ಲ, ಭಯ. ನಿನ್ನ ಕೈ ಸರಿಯಿತ್ತು ಎಂದು ಯಾರೋ ಹೇಳಿದ ಮಾತ್ರಕ್ಕೆ ಕೈಗೆ ಅದು ಗೊತ್ತಾಗುವುದಿಲ್ಲ. ಆ ಮಧ್ಯಾಹ್ನ ಅವಳು ತನ್ನ ಫೈಲು ತೆರೆದಳು. ಹಳೆಯ ಸಾಲನ್ನು ಅಳಿಸಲಿಲ್ಲ, ಅದರ ಕೆಳಗೆ ಬರೆದಳು: "ಇದು ಬಾಗಿಲು. ಕಿತ್ತವಳು ನಾನು. ತಡವಾಗಿ ಹೇಳಿದವಳೂ ನಾನೇ."

ಮುಂದಿನ ಒಂಬತ್ತು ವಾರ ಒಂದೊಂದು ಹಂತ ಮುಗಿದಾಗಲೂ ಕೆಳಗಿನಿಂದ ಫೋನು ಬರುತ್ತಿತ್ತು, ಅವಳು ಪೆನ್ನು ಹಿಡಿದು ಇಳಿಯುತ್ತಿದ್ದಳು. ಬಾಟಲಿಯಣ್ಣ ಖಾಲಿ ಸೀಸೆಯನ್ನು ಮುಂದಿಟ್ಟು ಕೈಕಟ್ಟಿ ನಿಲ್ಲುತ್ತಿದ್ದರು. ಮೊದಲ ದಿನ ಸಂಖ್ಯೆ ಬರೆದಳು, ತಾರೀಖು ಬರೆದಳು, ಹವೆಗೆ ಬಂದಾಗ ತಡವರಿಸಿದಳು. ಮೇಲಿನ ಮಹಡಿಯಲ್ಲಿ ವರ್ಷವಿಡೀ ಎ.ಸಿ., ಕಿಟಕಿ ತೆರೆಯುವುದೇ ಇಲ್ಲ. ಅಂದಾಜಿನಲ್ಲಿ ಬರೆಯಬೇಡಿ ಮೇಡಂ ಎಂದು ಹಿತ್ತಿಲ ಬಾಗಿಲು ತೋರಿಸಿದರು. ಅವಳು ಹೊರಗೆ ಹೋಗಿ, ಒಂದು ನಿಮಿಷ ನಿಂತು, ಚಳಿ ಎಂದು ವರದಿ ಒಪ್ಪಿಸಿ ಬರೆದಳು. ಪ್ರತಿ ಸಲವೂ ಹಾಗೇ. ಐದನೇ ಹಂತದ ಹೊತ್ತಿಗೆ ಒಂದು ಲೋಟ ಕಾಫಿ ಅವಳಿಗಾಗಿ ಮೇಜಿನ ಮೇಲೆ ಇರತೊಡಗಿತು, ಮಾತಿಲ್ಲದೆ. ಎಂಟನೆಯದರಲ್ಲಿ ನಿಮ್ಮ ಅಕ್ಷರ ಕೋಳಿ ಕೆದರಿದ ಹಾಗಿದೆ ಎಂದರು. ಅವಳಿಗೆ ಆ ಬೈಗುಳ ಕೇಳಿ ಎಷ್ಟು ಸಂತೋಷವಾಯಿತೆಂದರೆ ಮೆಟ್ಟಿಲನ್ನು ಎರಡೆರಡಾಗಿ ಹತ್ತಿದಳು. ಉಪ್ಪು ಮೂಸುವುದು ನಿಂತಿದೆ ಎಂದು ಅತ್ತಿಗೆ ಫೋನು ಮಾಡಿದರು. ಮಾತ್ರೆಗೆ ಇನ್ನೂ ಕೈ ಚಾಚುತ್ತಾರಂತೆ.

ಇಲಿಗಳ ತೀರ್ಪು ಬಂದದ್ದು ಅದಾದ ಮೇಲೆ, ಬಾಟಲಿಯಣ್ಣನ ಕೊನೆಯ ವಾರದಲ್ಲಿ. ಅದನ್ನು ಮೊದಲೇ ಹೇಳಿಬಿಡುತ್ತೇನೆ, ಕೇಳುವವರನ್ನು ತುದಿಗಾಲಲ್ಲಿ ನಿಲ್ಲಿಸುವ ಚಟ ನನಗಿಲ್ಲ. ಹೊಸ ಹದಿನೇಳು ನಳಿಗೆಯಲ್ಲಿ ಆರು ಗಂಟೆಯ ಪರೀಕ್ಷೆಯಲ್ಲೂ ಗೆದ್ದಿತು, ಇಲಿಗಳೂ ಸಂಜೆಯವರೆಗೆ ಕುಂಟದೆ ಓಡಾಡಿದವು. ಅದು ಔಷಧಿಯಾಗುತ್ತದೋ ಇಲ್ಲವೋ ಇನ್ನೂ ಹತ್ತು ವರ್ಷದ ಮಾತು. ಆದರೆ ನನ್ನ ಕಥೆಗೆ ಬೇಕಾದ ದಿನ ಅದಲ್ಲ, ಹದಿನಾಲ್ಕನೇ ಹಂತ ಮುಗಿದ ದಿನ.

ಆ ದಿನ ಕೆಳಗಿನಿಂದ ಫೋನು ಬಂದಾಗ ಲೆಕ್ಕದಕ್ಕ ದೊಡ್ಡಮೇಡಂ ಕೋಣೆಯಲ್ಲಿ ಸಿಕ್ಕಿಬಿದ್ದಿದ್ದಳು. ಬರುತ್ತೇನೆ ಅಣ್ಣಾ ಎಂದವಳಿಗೆ ಎದ್ದು ಬರಲು ಮುಕ್ಕಾಲು ಗಂಟೆ ಹಿಡಿಯಿತು. ಪೆನ್ನಿನ ಮುಚ್ಚಳ ತೆಗೆದುಕೊಂಡೇ ಓಡುತ್ತ ಬಂದಳು. ಬಾಟಲಿಯಣ್ಣ ತೊಟ್ಟಿಯ ಮುಂದೆ ಬೆನ್ನು ಮಾಡಿ ನಿಂತು ನಳಿಗೆ ತೊಳೆಯುತ್ತಿದ್ದರು. ಮೇಜಿನ ಮೇಲೆ ಸೀಸೆ ಇತ್ತು, ಖಾಲಿಯಲ್ಲ. ಒಳಗೆ ಬಿಳಿ ಪುಡಿ, ಹೊರಗೆ ಚೀಟಿ. ಚೀಟಿಯ ಮೇಲೆ ಓರೆ ಅಕ್ಷರ: ಹದಿನೇಳು, ತಾರೀಖು, ಸೆಕೆ.

ಅವಳು ಅದನ್ನು ಓದಿದಳು. ಇನ್ನೊಮ್ಮೆ ಓದಿದಳು.

"ಎಷ್ಟೊತ್ತು ಅಂತ ಕಾಯ್ಲಿ ನಿಂಗೆ," ಎಂದರು ಬಾಟಲಿಯಣ್ಣ, ತಿರುಗಿ ನೋಡದೆ. "ಬರೆದುಬಿಟ್ಟೆ." ನಲ್ಲಿ ನಿಲ್ಲಿಸಿದ ಮೇಲೆ ಸ್ವಲ್ಪ ತಡೆದು ಕೇಳಿದರು, "ಹೊರಗೆ ಸೆಕೆ ತಾನೇ?"

ಲೆಕ್ಕದಕ್ಕ ಹಿತ್ತಿಲ ಬಾಗಿಲ ಕಡೆಗೆ ನೋಡಿದಳು. ಅದು ಮುಚ್ಚಿತ್ತು. ಬೆಳಿಗ್ಗೆಯಿಂದ ಅವಳು ಎ.ಸಿ. ಕೋಣೆ ಬಿಟ್ಟು ಹೊರಗೆ ಕಾಲಿಟ್ಟಿರಲಿಲ್ಲ.

"ಹೂಂ ಅಣ್ಣಾ, ಸೆಕೆ," ಎಂದಳು, ಬಾಗಿಲು ತೆರೆದು ನೋಡದೆ. ಆಮೇಲೆ ಪೆನ್ನಿಗೆ ಮುಚ್ಚಳ ಹಾಕಿದಳು.